ಬೇಸ್‌ಮೆಂಟಿನ ಲಾವಾ ಗುಹೆ

ಅಮೆರಿಕದ ಕೆಂಡಲ್ ಪಾರ್ಕಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಒಬ್ಬ ಹುಚ್ಚಿ ಇದ್ದಾಳೆ. ವಯಸ್ಸು ಎಂಟು. ಮುಂದಿನ ಎರಡು ಹಲ್ಲಿಲ್ಲ. ನನ್ನ ಮಗಳ ಮಗಳು. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಬೇಸಿಗೆ ರಜೆಯಲ್ಲಿ ಹವಾಯಿಗೆ ಹೋಗಿ, ಜ್ವಾಲಾಮುಖಿ ಮಾಡಿದ ಗುಹೆ ನೋಡಿ ಬಂದಳು. ಬಂದವಳೇ ರಟ್ಟಿನ ಡಬ್ಬ, ಕಪ್ಪು ಕಂಬಳಿ, ನನ್ನ ಹಳೆಯ ಸೀರೆ ಎಲ್ಲ ಸೇರಿಸಿ ಕೆಳಗೊಂದು ಸುರಂಗ ಕಟ್ಟಿದಳು.

"ಲಾವಾ ನದಿ ತರ ಹರಿಯತ್ತೆ ಅಜ್ಜಿ. ದೆನ್ ಟಾಪ್ ಗಟ್ಟಿ ಆಗತ್ತೆ. ಒಳಗಿರೋದು ಹರ್ಕೊಂಡು ಹೋಗಿ, ಖಾಲಿ ಪೈಪ್ ಉಳಿಯತ್ತೆ."

"ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ."

"ಎಕ್ಸಾಕ್ಟ್ಲಿ."

ನಾನು ಓದಿದ್ದು ಮೂರನೇ ಕ್ಲಾಸು. ಯಾವ ಮೇಷ್ಟರೂ ನನ್ನ ಉತ್ತರವನ್ನು ಇಷ್ಟು ಬೇಗ ಒಪ್ಪಿರಲಿಲ್ಲ!

ಆ ಗುಹೆಯ ಗೋಡೆ ಟಾರ್ಚಿಗೆ ಬೆಳ್ಳಿಯಂತೆ ಮಿನುಗುತ್ತದಂತೆ. ಮೇಲಿನ ಕಾಡಿನ ಬೇರುಗಳು ಸೂರಿನಿಂದ ಕೂದಲಿನಂತೆ ಇಳಿಬಿದ್ದಿರುತ್ತವಂತೆ. ಅವನ್ನೇ ನಂಬಿಕೊಂಡು ಬಣ್ಣವೇ ಇಲ್ಲದ ಪುಟ್ಟ ಹುಳುಗಳು ಬದುಕುತ್ತವೆ. ಕಣ್ಣೇ ಇಲ್ಲದ ಜೇಡವೂ ಉಂಟು.

"ಕಣ್ಣಿಲ್ದೆ ಪಾಪ, ಹೇಗೆ ನೋಡತ್ತೆ?"

"ಮುಟ್ಟಿ ಮುಟ್ಟಿ."

ಕೇಳುತ್ತ ಕುಳಿತರೆ ನಾನೂ ಆ ಕತ್ತಲಲ್ಲಿ ತೇಲಿಹೋಗುತ್ತಿದ್ದೆ. ಒಲೆಯ ಮೇಲೆ ಸಾರು ಸೀಯುತ್ತಿತ್ತು.

ಅಷ್ಟರಲ್ಲಿ ಗೌರಿ ಹಬ್ಬ ಹತ್ತಿರ ಬಂತು. ಹಬ್ಬವೆಂದರೆ ನನ್ನ ಕೈ ತಾನಾಗಿ ಪೊರಕೆಗೆ ಹೋಗುತ್ತದೆ. ಬೇಸ್‌ಮೆಂಟಿನಲ್ಲಿ ಆ ಸುರಂಗದ ಮೂಲೆಗೆ ಜೇಡರ ಬಲೆ ಕಂಡಿತು. ಬಿಡುತ್ತೇನೆಯೇ? ಜೇಡದ ಸಮೇತ ಗುಡಿಸಿಬಿಟ್ಟೆ.

"ನನ್ನ ಗುಹೇಲಿ ಅದೊಂದೇ ರಿಯಲ್ ಅನಿಮಲ್ ಅಜ್ಜಿ," ಎಂದಳು ಶಾಲೆಯಿಂದ ಬಂದವಳು. ಅಳಲಿಲ್ಲ. ಗುಹೆಯ ಬಾಯಿಗೆ ಒಂದು ಬೋರ್ಡು ಅಂಟಿಸಿದಳು: ಅಜ್ಜಿಗೆ ಪ್ರವೇಶವಿಲ್ಲ.

ಅವಳಿಗೆ ಕನ್ನಡ ಬರೆಯಲು ಕಲಿಸಿದವಳು ನಾನೇ. ಒಂದು ತಪ್ಪೂ ಇರಲಿಲ್ಲ.

ಎರಡು ದಿನ ನನ್ನೊಡನೆ ಮಾತಿಲ್ಲ. ಹೋಳಿಗೆ ಕೊಟ್ಟರೂ "ನೋ ಥ್ಯಾಂಕ್ಸ್". ಮನೆಯಲ್ಲಿ ಎಲ್ಲ ಇದ್ದೂ ನನಗೆ ಆ ರಟ್ಟಿನ ಬಾಗಿಲೇ ಬೇಕಾಗಿತ್ತು. ಹಬ್ಬದ ಬೆಳಿಗ್ಗೆ ಪೆಟ್ಟಿಗೆ ತೆಗೆದೆ. ಜಡೆಗೆ ಸೇರಿಸಿ ಹೆಣೆಯುವ ನನ್ನ ಚೌರಿ ಇತ್ತಲ್ಲ, ಅದನ್ನು ಎಳೆ ಎಳೆ ಬಿಡಿಸಿ ಗುಹೆಯ ಬಾಯಿಗೆ ಇಳಿಬಿಟ್ಟೆ.

"ಏನಿದು?"

"ಮರದ ಬೇರು."

"ಎಲ್ಲಿ ಸಿಕ್ತು?"

"ನನ್ನ ತಲೇಲಿ."

ಅಕ್ಕಸಾಲಿಗನ ಹಾಗೆ ಟಾರ್ಚ್ ಹಿಡಿದು ಪರೀಕ್ಷೆ ಮಾಡಿದಳು. ಮೆಟ್ಟಿಲ ಮೇಲಿನಿಂದ ಬಗ್ಗಿ ನೋಡಿ ಮಗಳು ಕೂಗಿದಳು, "ಅಮ್ಮಾ, ಪೂಜೆಗೆ ಲೇಟಾಯ್ತು. ಜಡೆ ಎಲ್ಲಿ ಹೋಯ್ತು ನಿಂದು?"

"ಈ ಸಲ ಗೌರಿ ನನ್ನ ಮೋಟು ಜಡೇನೇ ನೋಡ್ಲಿ ಬಿಡೇ."

ಬೋರ್ಡು ಮೆಲ್ಲನೆ ಕೆಳಗಿಳಿಯಿತು. ಮಂಡಿ ಕಟಕಟ ಎನ್ನುತ್ತಿದ್ದರೂ ತೆವಳಿ ಒಳಗೆ ಹೋದೆ. ಅವಳು ಟಾರ್ಚ್ ಆರಿಸಿದಳು.

"ಅಲ್ಲಾಡ್ಬೇಡ ಅಜ್ಜಿ. ಈಗ ನಾನು ಜೇಡ."

ಪುಟ್ಟ ಬೆರಳುಗಳು ಕತ್ತಲಲ್ಲಿ ಹುಡುಕುತ್ತ ಬಂದವು. ಬಳೆ ದಾಟಿದವು. ನನ್ನ ಕೈಯ ಸುಕ್ಕುಗಳ ಮೇಲೆ ನಿಧಾನವಾಗಿ ನಡೆದವು.

"ಅಲ್ಲಿ ನೆಲ ಹೀಗೇ ಇತ್ತು. ಮಡಿಕೆ ಮಡಿಕೆ. ಸೇಮ್ ಲಾವಾ." ಎರಡೂ ಕೈಯಲ್ಲಿ ನನ್ನ ಕೈ ಮುಚ್ಚಿಕೊಂಡಳು. "ಬಟ್ ಅದು ತಣ್ಣಗಾಗಿಬಿಟ್ಟಿತ್ತು ಅಜ್ಜಿ. ನೀನು ಇನ್ನೂ ಬೆಚ್ಚಗಿದೀಯ."