ಹೊಂಬಳದ ಬಸ್ಸು, ಬೆಟಗೇರಿಯ ಹೊಲಿಗೆ

ಗದಗಿನಲ್ಲಿ ಆಟಿಸಂ ಇರುವ ಹುಡುಗ-ಹುಡುಗಿಯರಿಗೆ ಕಸುಬು ಕಲಿಸುವ ಟೀಚರ್ ನಾನು. ಕಲಿಸಲು ಹೋಗಿ ನಾನೇ ಪೆಚ್ಚಾಗುವುದು ವಾರಕ್ಕೊಮ್ಮೆಯಾದರೂ ಇದ್ದದ್ದೇ. ಅದರಲ್ಲಿ ದೊಡ್ಡ ಪಾಲು ಹೊಂಬಳದ ಒಬ್ಬ ಹುಡುಗಿಯದು. ವಯಸ್ಸು ಇಪ್ಪತ್ತೆರಡು. ಮಾತು ಕಡಿಮೆ, ಆಡಿದರೆ ಇದ್ದದ್ದು ಇದ್ದ ಹಾಗೆ.

ಸೆರಗು

ಊರಿಂದ ಗದಗಿಗೆ ಒಬ್ಬಳೇ ಬರುವುದನ್ನು ಮೂರು ತಿಂಗಳು ರೂಢಿ ಮಾಡಿಸಿದೆ. ಆದರೂ ಅವಳ ತಾಯಿಗೆ ಧೈರ್ಯ ಸಾಲದು. ಮಗಳಿಗೆ ಗೊತ್ತಾಗದ ಹಾಗೆ ನಾನು ಹಿಂದೆ ಕುಳಿತು ಬರಬೇಕೆಂಬ ಕರಾರಿನ ಮೇಲೆ ಒಪ್ಪಿದರು. ತಲೆ ತುಂಬ ಸೆರಗು ಹೊದ್ದು ಕಡೆಯ ಸೀಟಿನ ಮೂಲೆ ಹಿಡಿದೆ. ಹುಡುಗಿ ಹತ್ತಿದಳು, ಆಧಾರ್ ಕಾರ್ಡ್ ತೋರಿಸಿದಳು, ಗದಗ ಅಂದಳು. ನನಗೆ ಕಣ್ಣು ತುಂಬಿ ಬಂತು. ಆಗ ಅವಳು ಹಿಂದೆ ತಿರುಗದೆಯೇ ಕಂಡಕ್ಟರನಿಗೆ ಹೇಳಿದಳು:

"ಹಿಂದ ನಮ್ಮ ಟೀಚರ್ ಅಡಗಿ ಕುಂತಾರ್ರಿ. ಅವರಿಗೂ ಗದಗ."

ನಾಳೆ

ಬೆಟಗೇರಿಯ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಕೊಡಿಸಿದೆ. ಗುಂಡಿ ಹಚ್ಚುವುದು, ಸೀರೆಗೆ ಫಾಲ್ ಹಚ್ಚುವುದು, ಎಲ್ಲ ಅಚ್ಚುಕಟ್ಟು. ಎರಡನೇ ವಾರಕ್ಕೇ ಮಾಲಕರ ಫೋನು, ಇವಳನ್ನು ಕರಕೊಂಡು ಹೋಗಿ ಎಂದು. ಗಾಬರಿಯಾಗಿ ಓಡಿದೆ.

ಆದದ್ದಿಷ್ಟು. ಹೊಲಿಯಲು ಕೊಟ್ಟ ಜಂಪರ್ ಕೇಳಲು ಬಂದ ಹೆಂಗಸಿಗೆ ಮಾಲಕರು ವಾಡಿಕೆಯಂತೆ ನಾಳೆ ಬನ್ನಿ ಎಂದಿದ್ದರು. ಇವಳು ತಲೆ ಎತ್ತದೆ, "ನಾಳೆ ಬರಬ್ಯಾಡ್ರಿ. ನಿಮ್ಮ ಅರಿವಿ ಇನ್ನೂ ಕತ್ತರಿಸಿಲ್ಲ. ಶುಕ್ರವಾರ ಬರ್ರಿ" ಎಂದಿದ್ದಳು.

ಇನ್ನೊಂದು ವಾರ ನೋಡಿ ಎಂದು ಮಾಲಕರನ್ನು ಬೇಡಿಕೊಂಡೆ. ಶುಕ್ರವಾರ ಜಂಪರ್ ತಯಾರಾಗಿತ್ತು. ಅವಳು ದಿನ ಹೇಳಿಬಿಟ್ಟ ಮೇಲೆ ಮಾಲಕರಿಗೆ ಬೇರೆ ದಾರಿ ಇರಲಿಲ್ಲ. ಸುದ್ದಿ ಹಬ್ಬಿತು. ಈಗ ಗಿರಾಕಿಗಳು ಬಟ್ಟೆಯನ್ನು ಮಾಲಕರ ಕೈಗೆ ಕೊಟ್ಟು, ದಿನ ಮಾತ್ರ ಅವಳನ್ನು ಕೇಳುತ್ತಾರೆ. ಮೊನ್ನೆ ಮಾಲಕರೇ, ತಮ್ಮ ಮಗನ ಅಂಗಿ ಯಾವಾಗ ಮುಗಿಯುತ್ತದೆ ಎಂದು ಅವಳನ್ನು ಕೇಳುತ್ತಿದ್ದರು.

ಚೀಲ

ಒಂದು ಸಂಜೆ ತಾಯಿ ಗದಗಿನ ಸಂತೆ ಮುಗಿಸಿ ಮಗಳ ಜೊತೆ ಊರಿಗೆ ಹೊರಟರು. ನಾನೂ ಬಸ್ ನಿಲ್ದಾಣದ ತನಕ ಹೋದೆ. ಬಸ್ಸು ಬಂದದ್ದೇ ತಾಯಿ ಕಿಟಕಿಯಿಂದ ಚೀಲ ಒಗೆದು, ನುಗ್ಗಿ, ಸೀಟು ಹಿಡಿದರು. ಮಗಳು ಕೆಳಗೇ ನಿಂತಳು. ತಾಯಿ ಕರೆದರು, ಗದರಿದರು. ಕೊನೆಗೆ ನನ್ನತ್ತ ತಿರುಗಿ, ಇದಕ್ಕೇ ನೋಡಿ ಇವಳನ್ನು ಒಬ್ಬಳನ್ನೇ ಕಳಿಸಲು ಜೀವ ಹೆದರುವುದು ಎಂದು ಅಳುವಂತಾದರು. ನಾನೂ ಹತ್ತು ಎಂದು ಅವಳಿಗೆ ಹೇಳಿದೆ. ಅವಳು ಬೋರ್ಡನ್ನೇ ನೋಡುತ್ತಿದ್ದಳು.

ಡ್ರೈವರ್ ಗಾಡಿ ಚಾಲೂ ಮಾಡಿದ. ಹುಡುಗಿ ಕಿಟಕಿ ಹತ್ತಿರ ಹೋದಳು.

"ಅವ್ವಾ, ಇದು ಹಿರೇಹಂದಿಗೋಳದ ಬಸ್ಸು. ನಮ್ಮದು ಬಾಜೂಕ ನಿಂತೈತಿ. ಇಳಿ."

ತಾಯಿ ಚೀಲ ಅವಚಿಕೊಂಡು ಇಳಿದರು. ಮಗಳು ಕೈ ಹಿಡಿದು ಹೊಂಬಳದ ಬಸ್ಸು ಹತ್ತಿಸಿದಳು, ಕಿಟಕಿ ಪಕ್ಕ ಕೂರಿಸಿದಳು.

ಮರುದಿನ ಹುಡುಗಿ ನನ್ನ ಮೇಜಿನ ಮುಂದೆ ಬಂದು ನಿಂತು, ಬಲು ಗಂಭೀರವಾಗಿ ಕೇಳಿದಳು:

"ಟೀಚರ್, ಅವ್ವಗ ಬಸ್ ಹತ್ತೂದು ಎಂದಿನಿಂದ ಕಲಿಸ್ತೀರಿ?"