ಹೀಟರ್ ವಾಲ್ವೂ ನಾದಿನಿಯ ಸಂಬಂಧವೂ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ, ಬಿಳಿಯರ ಸೀಮೆಗೆ ವಾಪಸು ಹೊರಟು ನಿಂತ ಎಸ್ಟೇಟಿನ ದೊರೆಯೊಬ್ಬನಿಂದ ನಾನೊಂದು ಹಳೇ ಕಾರು ಕೊಂಡೆ. ಕೊಡ್ಲಿಪೇಟೆ ಕಡೆ ಹೀಟರ್ ಇದ್ದ ಕಾರು ಅದೊಂದೇ. ಎಂಜಿನ್ನಿನ ಬಿಸಿನೀರು ಮುಂದಿನ ಸೀಟಿನ ಕಾಲಡಿಯ ಪೆಟ್ಟಿಗೆಗೆ ಹರಿದು ಬಿಸಿಗಾಳಿ ಕೊಡುತ್ತಿತ್ತು. ಕೊಡುತ್ತಿತ್ತು ಎಂದು ದೊರೆ ಹೇಳಿದ್ದ. ನನಗೆ ಒಂದು ದಿನವೂ ಕೊಡಲಿಲ್ಲ. ನೀರು ಬಿಡುವ ವಾಲ್ವ್ ಮುಚ್ಚಿದಲ್ಲೇ ತುಕ್ಕು ಹಿಡಿದಿತ್ತು. ಇದನ್ನು ನಾನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಆಗ ನನ್ನ ನಾದಿನಿ ಶಾರದೆಗೆ ಸೋಮವಾರಪೇಟೆಯ ಸಂಬಂಧ ಬಂತು. ಹುಡುಗ ಒಳ್ಳೆಯವನು. ಆದರೆ ಅಲ್ಲಿ ಎಲ್ಲವೂ ಅವನ ಅಜ್ಜಿಯ ಮಾತಿನಂತೆ. "ಈ ಚಳೀಲಿ ನಾನು ಹೊರಡಾಕಿಲ್ಲ. ನಾನು ನೋಡದೆ ಮಾತುಕತೆ ಇಲ್ಲ" ಎಂದುಬಿಟ್ಟರಂತೆ. ಮಾವನವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ನನ್ನ ಕಾರಲ್ಲಿ ಕರ್ಕೊಂಡು ಬರ್ತೀನಿ ಮಾವ. ಒಲೆ ಮುಂದೆ ಕೂತಂಗಿರುತ್ತೆ" ಎಂದೆ.

ಮನೆಗೆ ಬಂದಮೇಲೆ ಹೆಂಡತಿ ಕಮಲ ಕೇಳಿದಳು, "ಒಲೆ ಹೊತ್ತಿಸೋರು ಯಾರು?"

"ನಾನೇ."

"ಹೋದ್ಸಲ ಗಡಿಯಾರ ಬಿಚ್ಚಿದ್ದೂ ನೀವೇ."

ಇಂಥ ಮಾತಿಗೆ ವಿದ್ಯಾವಂತರು ಉತ್ತರ ಕೊಡುವುದಿಲ್ಲ. ಮಡಿಕೇರಿಯ ಮೆಕ್ಯಾನಿಕ್ಕಿಗೆ ತೋರಿಸಿ ಎಂದಳು. ನಟ್ಟು ಬಿಚ್ಚಿ ನಟ್ಟು ಹಾಕುವುದನ್ನೇ ವಿದ್ಯೆ ಎಂದುಕೊಂಡವರ ಕೈಗೆ ನನ್ನ ಕಾರು ಕೊಡುವುದೇ? ಮೈಸೂರಿನ ಗುಜರಿಯಿಂದ ಅಂಥದೇ ವಾಲ್ವ್ ತರಿಸಿದೆ.

ಹಳೇ ವಾಲ್ವಿಗೆ ಎರಡು ದಪ್ಪ ನಳಿಕೆ, ಒಂದು ಸಣ್ಣ ನಳಿಕೆ ಇದ್ದವು. ದಪ್ಪನೆಯವು ನೀರಿಗೆ. ಅವುಗಳನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿ ಬಿಚ್ಚುವಾಗ ಮುರಿದದ್ದರಿಂದ ಬೇಲಿ ತಂತಿಯಲ್ಲಿ ಬಿಗಿದು ಕಟ್ಟಿದೆ. ಸಣ್ಣದು ಎಂಜಿನ್ನಿನಿಂದ ಬರುತ್ತಿತ್ತು, ಹೊಸ ವಾಲ್ವಿಗೆ ಎಟುಕಲಿಲ್ಲ. ಕಡ್ಡಿಯಷ್ಟು ದಪ್ಪದ ನಳಿಕೆಗೆ ಏನು ಘನಕಾರ್ಯ ಇದ್ದೀತು? ಅದರ ಬಾಯಿಗೊಂದು ಬೆಣೆ ಜಡಿದು ಬಿಟ್ಟೆ. ಎಂಜಿನ್ ಚಾಲೂ ಮಾಡಿದರೆ ಬಿಸಿಗಾಳಿ ಭರ್ರನೆ ಬಂತು. ಕಮಲಳನ್ನು ಕರೆದು ತೋರಿಸಿದೆ.

"ಆರಿಸೋದು ಹೇಗೆ?" ಎಂದಳು.

"ಚಳೀಲಿ ಯಾರು ಆರಿಸ್ತಾರೆ?" ಎಂದೆ.

ಸೋಮವಾರಪೇಟೆಯಲ್ಲಿ ಅಜ್ಜಿ ಎರಡು ಕಂಬಳಿ ಹೊದ್ದು ನನ್ನ ಪಕ್ಕ ಕೂತರು. ಹಿಂದೆ ಹುಡುಗ, ಬಿಳಿ ಪಂಚೆ ಉಟ್ಟು. ಸ್ವಲ್ಪ ದೂರಕ್ಕೆ ಅಜ್ಜಿ, "ಬಾಳ ಸುಖ ಕಣಪ್ಪ" ಎಂದರು. ನನ್ನ ಎದೆ ಉಬ್ಬಿತು. ಇನ್ನೂ ಸ್ವಲ್ಪ ದೂರಕ್ಕೆ ಕಂಬಳಿಗಳು ಹಿಂದಿನ ಸೀಟಿಗೆ ಹೋದವು. ಶನಿವಾರಸಂತೆ ದಾಟುವಾಗ ಅಜ್ಜಿ, "ಸಾಕು, ಆರ್ಸು" ಎಂದರು.

ಹೀಟರಿನ ಗುಂಡಿ ಒತ್ತಿದೆ. ಎಳೆದೆ. ತಿರುಗಿಸಿದೆ. ಆ ಸಣ್ಣ ನಳಿಕೆಯಲ್ಲಿ ಎಂಜಿನ್ ಗಾಳಿ ಎಳೆದರೆ ಮಾತ್ರ ವಾಲ್ವ್ ಮುಚ್ಚುತ್ತದೆ, ಇಲ್ಲವಾದರೆ ತೆರೆದೇ ಇರುತ್ತದೆ ಎಂಬ ಜ್ಞಾನೋದಯ ನನಗಾದದ್ದು ಆಗ.

"ಇದು ಆರೋ ಜಾತಿಯದಲ್ಲ ಅಜ್ಜಿ" ಎಂದೆ.

ಅವರು ನನ್ನ ಮುಖ ನೋಡಿ, ಕಾಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡರು. ಪುಣ್ಯಾತ್ಗಿತ್ತಿ. ಮುಂದಿನ ಏರಿನಲ್ಲಿ ತಂತಿ ಜಾರಿ ನಳಿಕೆ ಕಿತ್ತು ಬಂತು. ತುಕ್ಕಿನ ಬಿಸಿನೀರು ಅಜ್ಜಿ ಕಾಲಿಟ್ಟಿದ್ದ ಕಡೆ ಸುರಿದು ಹಿಂದಕ್ಕೆ ಹರಿಯಿತು. ಹುಡುಗ ಕಾಲನ್ನೇನೋ ಎತ್ತಿದ, ಪಂಚೆಯ ಅಂಚು ಕೆಳಗೇ ಉಳಿಯಿತು. ಗಾಜಿನ ತುಂಬ ಹಬೆ. ರಸ್ತೆ ಇರಬೇಕಾದ ಕಡೆ ತಿರುಗಿಸಿದೆ. ಅಲ್ಲಿ ಚರಂಡಿ ಇತ್ತು.

ಯಾರಿಗೂ ಏನೂ ಆಗಲಿಲ್ಲ. ಕಾರು ಮಾತ್ರ ಒಂದು ಕಡೆಗೆ ವಾಲಿ ಹೊಗೆಯಾಡುತ್ತ ನಿಂತಿತು. ಆ ದಾರಿಯಲ್ಲಿ ಬಂದ ಭತ್ತದ ಹುಲ್ಲಿನ ಗಾಡಿಗೆ ಅಜ್ಜಿಯನ್ನು ಹತ್ತಿಸಿದೆವು. ನಾನೂ ಹುಡುಗನೂ ಹಿಂದೆ ನಡೆದೆವು. ಅವನು ದಾರಿಯುದ್ದಕ್ಕೂ ಪಂಚೆಯ ತುಕ್ಕಿನ ಅಂಚು ಹಿಂಡುತ್ತ ಬಂದ. ಈ ಸಂಬಂಧ ನನ್ನ ಕೈಯಿಂದಲೇ ಮುರಿಯಿತು, ಶಾರದೆಗೆ ಯಾವ ಮುಖ ತೋರಿಸಲಿ ಎಂದುಕೊಂಡೆ.

ಮಾವನ ಮನೆಯಲ್ಲಿ ಅಜ್ಜಿ ತಲೆಯ ಹುಲ್ಲು ಕೊಡವಿಕೊಂಡು, ಕಾಫಿ ಕುಡಿದು, ಶಾರದೆಯನ್ನು ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ ಮಾವನನ್ನು ಕೇಳಿದರು, "ಇವ್ರು ನಿಮ್ ದೊಡ್ಡಳಿಯನಾ?"

"ಹೂಂ" ಎಂದರು ಮಾವ, ನೆಲ ನೋಡುತ್ತ.

"ಮದ್ವೆಯಾಗಿ ಬಾಳ ವರ್ಷ ಆಯ್ತಾ?"

"ಆಯ್ತು."

"ಹಂಗಾದ್ರೆ ಈ ಮನೆಯೋರು ತಾಳ್ಮೆಯೋರು" ಎಂದರು ಅಜ್ಜಿ. "ಇಂಥ ಮನೆ ಹೆಣ್ಣು ಎಂಥವನ ಜತೇಲೂ ಬಾಳ್ತಾಳೆ. ಸಂಬಂಧ ಆಗ್ಲಿ."

ಎಲ್ಲರೂ ನಕ್ಕರು. ಕಮಲ ನಗಲಿಲ್ಲ. ಹೌದು ಎಂಬಂತೆ ತಲೆಯಾಡಿಸಿದಳು.