ಅತ್ತೆ ತೊಳೆದ ಡಬ್ಬಿ

ದರ್ಜಿಯ ಥೈರಾಯ್ಡ್ ಗಂಟನ್ನು ಹಿಂದಿನ ದಿನವಷ್ಟೇ ತೆಗೆದಿದ್ದರು. ಗಾಯದ ಪಕ್ಕದಿಂದ ಸಣ್ಣ ಕೊಳವೆಯೊಂದು ಹೊರಬಂದು ಪ್ಲಾಸ್ಟಿಕ್ ಡಬ್ಬಿಗೆ ಸೇರಿತ್ತು. ಒಳಗೆ ಕೂಡುವ ರಕ್ತ, ನೀರು ಅದಕ್ಕೆ ಇಳಿಯಬೇಕು.

"ಸಂಜೆ ಅಳೀತೀವಿ. ಕಡಿಮೆ ಇದ್ರೆ ಕೊಳವೆ ತೆಗೆದು ಮನೆಗೆ ಕಳಿಸ್ತೀವಿ" ಎಂದಿದ್ದಳು ನರ್ಸ್.

ಅಷ್ಟರಲ್ಲಿ ಹೆಂಡತಿ ಸುದ್ದಿ ತಂದಳು. "ನನ್ನ ತಮ್ಮ ನಿಮ್ಮ ಅಂಗಡಿ ತೆಗೆದಿದ್ದಾನೆ ಕಣ್ರೀ."

"ತೆಗೆದು?" ದರ್ಜಿಯ ದನಿ ಎಣ್ಣೆ ಕಾಣದ ಹೊಲಿಗೆ ಯಂತ್ರದಂತೆ ಕರಕರ ಎಂದಿತು.

"ಬಟ್ಟೆ ಕತ್ತರಿಸ್ತಿದ್ದಾನೆ. ಪಾಪ, ಒಳ್ಳೇ ಮನಸ್ಸು."

ಭಾವಮೈದುನ ಈವರೆಗೆ ಹೊಲಿದದ್ದು ಒಂದೇ ದಿಂಬಿನ ಚೀಲ. ಅದರೊಳಗೆ ದಿಂಬು ಹೋಗಿರಲಿಲ್ಲ. ಇವತ್ತೇ ಅಂಗಡಿ ಸೇರದಿದ್ದರೆ, ವೈದ್ಯರು ಉಳಿಸಿದ ಕತ್ತನ್ನು ಗಿರಾಕಿಗಳು ಉಳಿಸುವುದಿಲ್ಲ.

"ಮಾತಾಡಿದ್ರೆ ಜಾಸ್ತಿ ಇಳಿಯುತ್ತೆ, ಸುಮ್ನಿರಿ" ಎಂದ ಪಕ್ಕದ ಹಾಸಿಗೆಯ ಬಸ್ ಡ್ರೈವರ್. ಅವನ ಆಪರೇಷನ್ ಮೊಣಕಾಲಿನದು. ಆದರೂ ದರ್ಜಿ ಬಾಯಿ ಮುಚ್ಚಿ, ಅಂಗಡಿಯ ಗೊಂಬೆಯಂತೆ ಕೂತ. ಕೂತಲ್ಲೇ ನಿದ್ದೆ ಹತ್ತಿತು.

ಎಚ್ಚರವಾದಾಗ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಗಲೀಜಾಗಿತ್ತು ಅಳಿಯಂದಿರೇ. ಚೆಲ್ಲಿ, ತೊಳೆದಿಟ್ಟೆ. ನೋಡಿ, ಒಂದು ಹನೀನೂ ಇಲ್ಲ!"

ಅಳೆಯಲು ಬಂದ ನರ್ಸ್ ತಲೆಯ ಮೇಲೆ ಕೈ ಹೊತ್ತಳು. "ಎಷ್ಟಿತ್ತು?"

"ಒಂದು ಸೌಟು" ಎಂದರು ಅತ್ತೆ.

"ಎರಡೇ ಚಮಚ" ಎಂದಳು ಹೆಂಡತಿ.

"ಅರ್ಧ ಲೋಟ ಇತ್ತು" ಎಂದ ಡ್ರೈವರ್, ಯಾರೂ ಕೇಳದಿದ್ದರೂ.

"ಇಲ್ಲಿ ಸೌಟಿನ ಲೆಕ್ಕ ನಡೆಯಲ್ಲ. ಹೊಸ ಡಬ್ಬಿ ಹಾಕ್ತೀನಿ. ನಾಳೆ ಸಂಜೆ ನೋಡೋಣ."

ದರ್ಜಿಯ ಕಣ್ಣಲ್ಲಿ ನೀರು ಬಂತು. ಅದನ್ನು ಅಳೆಯುವವರು ಯಾರೂ ಇರಲಿಲ್ಲ.

ಆಗ ಸರ್ಜನ್ ಬಂದರು. ಕತೆಯೆಲ್ಲ ಕೇಳಿ, ಕತ್ತು ಮುಟ್ಟಿ ನೋಡಿ ನಕ್ಕರು. "ಊತ ಇಲ್ಲ, ಬಿಗಿತ ಇಲ್ಲ. ಇಂಥ ಆಪರೇಷನ್‌ಗೆ ಕೊಳವೆ ಹಾಕ್ಲೇಬೇಕು ಅಂತೇನಿಲ್ಲ. ಎಷ್ಟೋ ಡಾಕ್ಟ್ರು ಬಿಟ್ಟೇಬಿಟ್ಟಿದ್ದಾರೆ. ಹಾಕಿದ್ರೆ ಒಳಗೆ ರಕ್ತ ಸೋರೋದೇನೂ ನಿಲ್ಲಲ್ಲ, ಮನೆಗೆ ಹೋಗೋದು ತಡ ಆಗುತ್ತೆ ಅಷ್ಟೆ. ನನಗೆ ಹಳೇ ಅಭ್ಯಾಸ."

ಕೊಳವೆ ಹೊರಬಂತು. ದರ್ಜಿ ಆಗಲೇ ಚಪ್ಪಲಿಗೆ ಕಾಲು ಹಾಕಿದ್ದ.

"ನನ್ನ ಕಾರಲ್ಲೇ ಬನ್ನಿ. ನಿಮ್ಮ ಅಂಗಡಿಗೇ ಹೊರಟಿದ್ದೀನಿ" ಎಂದರು ಸರ್ಜನ್. "ನನ್ನ ಹೆಂಡ್ತಿ ಅಲ್ಲಿ ನನ್ನ ಕೋಟಿಗೆ ಬಟ್ಟೆ ಕೊಟ್ಟಿದ್ಲಂತೆ. ಮಗಳ ಮದುವೆಗೆ. ನಿಮ್ಮ ಭಾವಮೈದುನ ಈಗ ತಾನೇ ಫೋನ್ ಮಾಡಿದ್ದ, ಕತ್ತರಿಸಿ ಆಯ್ತಂತೆ."

ದರ್ಜಿ ಚಪ್ಪಲಿ ಬಿಟ್ಟು ಮತ್ತೆ ಹಾಸಿಗೆ ಹತ್ತಿದ. ಹೊದಿಕೆಯನ್ನು ಗದ್ದದವರೆಗೂ ಎಳೆದುಕೊಂಡ.

"ಡಾಕ್ಟ್ರೇ" ಎಂದ, "ಹಳೇ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡಬಾರದು. ಕೊಳವೆ ವಾಪಸ್ ಹಾಕಿಬಿಡಿ."